ಪೆನ್ಸಿಲ್ವೇನಿಯಾದ ಅಜ್ಜ ಸಿಕ್ಕ ಭಾನುವಾರ

ಕೆನಡಾದ ಸ್ಟೌಫ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಸ್ಕೂಲ್ ಬಸ್ಸು ಓಡಿಸಿ ನಿವೃತ್ತರಾದವರು. ಮಾತಾಡುವಾಗಲೂ ಕೈಗಳು ಸ್ಟೀರಿಂಗ್ ಹಿಡಿದಂತೆ ತಿರುಗುತ್ತಲೇ ಇರುತ್ತಿದ್ದವು. ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ತಮ್ಮ ಪೂರ್ವಜನನ್ನು ಅವರು ಹುಡುಕುತ್ತಿದ್ದರು. ಮುಪ್ಪಿನಲ್ಲಿ ಕುದುರೆಗಾಡಿ ಕಟ್ಟಿಕೊಂಡು ಉತ್ತರಕ್ಕೆ, ಈ ಕೆನಡಾದ ಕಡೆಗೆ ಹೊರಟವನು ದಾರಿಯಲ್ಲೇ ಸತ್ತನೆಂದು ನೆಂಟರೆಲ್ಲ ನಂಬಿದ್ದರು. ಇವರು ಮಾತ್ರ ಭಾನುವಾರ ಬಂದರೆ ಯಾವುದೋ ಹಳೆಯ ಸ್ಮಶಾನಕ್ಕೆ ಹೊರಡುತ್ತ, "ಇವತ್ತು ಅಜ್ಜ ಸಿಕ್ಕೇ ಸಿಗ್ತಾನೆ!" ಎನ್ನುತ್ತಿದ್ದರು.

ಒಮ್ಮೆ ನಾನೂ ಧಾರವಾಡದಿಂದ ಬಂದಿದ್ದ ಅವ್ವನೂ ಜೊತೆಗೆ ಹೋದೆವು. ಅಲ್ಲೊಂದು ಕಲ್ಲಿನ ಅಕ್ಷರಗಳು ಸವೆದುಹೋಗಿದ್ದವು. ಅವರು ಅವ್ವನ ಕೈಗೆ ಕನ್ನಡಿ ಕೊಟ್ಟು, ಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬೀಳುವಂತೆ ಹಿಡಿಸಿದರು. ಗೀರುಗಳಲ್ಲಿ ನೆರಳು ತುಂಬಿ ಅಕ್ಷರಗಳು ಎದ್ದುಬಂದವು. ಅಜ್ಜನದೇ ಹೆಸರು, ಅದರ ಕೆಳಗೆ ಹುಟ್ಟಿದೂರು ಪೆನ್ಸಿಲ್ವೇನಿಯಾ.

"ಬಂದು ಮುಟ್ಟಿದ್ದಾನೆ! ಮುದುಕ ಬಂದು ಮುಟ್ಟಿದ್ದಾನೆ!" ಎಂದು ಅವರು ಕಲ್ಲನ್ನೇ ತಬ್ಬಿಕೊಂಡರು.

ಇಂಗ್ಲಿಷ್ ತಿಳಿಯದ ಅವ್ವ, "ಏನಂತಾರ?" ಎಂದಳು.

"ಅವರ ಅಜ್ಜ ಸಿಕ್ಕಾನ ಬೇ."

"ಅಯ್ಯ, ಮತ್ತ ಸುಮ್ಮ ನಿಂತೀಯಲ್ಲೋ!" ಎಂದವಳೇ ಅವ್ವ ಅವರ ಎರಡೂ ಕೈ ಹಿಡಿದು ಹುಲ್ಲಿನ ಮೇಲೆ ಫುಗಡಿ ಆಡತೊಡಗಿದಳು. ಇಬ್ಬರೂ ಹುಡುಗಿಯರಂತೆ ಗರಗರ ತಿರುಗಿದರು.

ನಾಯಿ ಹಿಡಿದು ಹೋಗುತ್ತಿದ್ದವನೊಬ್ಬ ಬೇಲಿಯಾಚೆ ನಿಂತು, ಏನು ವಿಶೇಷ ಎಂದು ಕೇಳಿದ.

"ನಮ್ಮಜ್ಜ ಇಲ್ಲೇ ಸತ್ತಿದ್ದಾನೆ!" ಪಕ್ಕದ ಮನೆಯಾಕೆ ಏದುಸಿರಲ್ಲೇ ಕೂಗಿದರು.

ಆತ ಗಾಬರಿಯಿಂದ ಟೊಪ್ಪಿಗೆ ತೆಗೆದ. "ಅಯ್ಯೋ, ಯಾವಾಗ?"

"ಇನ್ನೂರು ವರ್ಷ ಆಯ್ತು!" ಎಂದವರೇ ಮತ್ತೆ ಅವ್ವನ ಕೈ ಹಿಡಿದರು.