ಕೊಟ್ರಬಸಪ್ಪನ ಎಂಟನೇ ಸ್ಥಾನ
ಹಡಗಲಿಯ ಹೂವಿನ ವ್ಯಾಪಾರಿ ಕೊಟ್ರಬಸಪ್ಪನಿಗೆ ಬೆಳಗಾದರೆ ಎರಡು ಕೆಲಸ: ಬುಟ್ಟಿಯಲ್ಲಿ ಮಲ್ಲಿಗೆ ಮೊಗ್ಗು ನೋಡುವುದು, ಮೊಬೈಲಿನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ನೋಡುವುದು. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಹರಡಿಕೊಂಡಿರುವ, ಅವನೂ ಸೇರಿ ಎಂಟು ಮಂದಿ ಹಳೆಯ ಸಹಪಾಠಿಗಳು ಆ ಆಟಗಾರರನ್ನು ಆರಿಸಿಕೊಂಡು, ಒಬ್ಬೊಬ್ಬರೂ ಒಂದೊಂದು ತಂಡ ಕಟ್ಟಿ ತಮ್ಮದೇ ಫ್ಯಾಂಟಸಿ ಲೀಗ್ ನಡೆಸುತ್ತಾರೆ. ಅಲ್ಲಿ ಅವರು ಚೆಂಡು ಹಾಕಿದರೆ ಇಲ್ಲಿ ಇವರಿಗೆ ಅಂಕ. ಯಾವ ತಂಡ ಎಷ್ಟನೆಯದು ಎಂಬ ಭವಿಷ್ಯ ಮಾತ್ರ ಪ್ರತಿ ಸೋಮವಾರ ಕೊಟ್ರಬಸಪ್ಪನ ಬಾಯಿಂದಲೇ ಬರಬೇಕು. ಮೊಗ್ಗೊಂದನ್ನು ಮೂಗಿಗೆ ಹಿಡಿದು, "ಕೊಟ್ಟೂರಾವ ಮೊದ್ಲು, ಕೂಡ್ಲಿಗ್ಯಾವ ಎರಡು, ಬರದಿಟ್ಕೊಳ್ರಿ" ಎಂದು ಗುಂಪಿಗೆ ವಾಯ್ಸ್ ಮೆಸೇಜು ಒಗೆಯುತ್ತಾನೆ. ಯಾವನ ಮೊಣಕಾಲು ನೋಯುತ್ತಿದೆ, ಯಾವನು ಕೋಚ್ ಮೇಲೆ ಮುನಿಸಿಕೊಂಡಿದ್ದಾನೆ ಎಂಬುದು ಆಟಗಾರನ ಹೆಂಡತಿಗಿಂತ ಮೊದಲು ಇವನಿಗೆ ತಿಳಿಯುತ್ತದೆ. ಹೇಳಿದ್ದು ತಪ್ಪುವುದು ಅಪರೂಪ. ಕಡೆಯ ಸ್ಥಾನದ ಮಾತಂತೂ ಎಂದೂ ತಪ್ಪಿಲ್ಲ, ಏಕೆಂದರೆ ಅದು ಅವನದೇ ತಂಡ. ಪಂದ್ಯವಿಡೀ ಬೆಂಚಿನ ಮೇಲೆ ಕೂತಿರುವ ಬದಲಿ ಆಟಗಾರರನ್ನೇ ಹುಡುಕಿ ಹುಡುಕಿ ಆರಿಸುತ್ತಾನೆ. "ಇಷ್ಟೆಲ್ಲ ಗೊತ್ತಿದ್ದಾವ ಆಡೋರ್ನ ಯಾಕ ಆರ್ಸಂಗಿಲ್ಲಲೇ?" ಎಂದು ಗೆಳೆಯರು ರೇಗಿದರೆ, "ಅವರ್ನ ಆರ್ಸಾಕ ನೀವು ಅದೀರಲ್ಲ" ಎಂದು ಬುಟ್ಟಿಯ ಕಡೆ ತಿರುಗುತ್ತಾನೆ. ಅವನ ಮನೆಯ ಟ್ರಂಕಿನಲ್ಲಿ ಕಾಲೇಜು ತಂಡದ ಹದಿನಾಲ್ಕನೇ ನಂಬರಿನ ಬನಿಯನ್ ಇದೆ. ಮೂರು ವರ್ಷ ಪ್ರತಿ ಪಂದ್ಯಕ್ಕೂ ಹಾಕಿಕೊಂಡು ಹೋದದ್ದು. ಅದರ ಮೇಲೆ ಬೆವರಿನ ಒಂದು ಕಲೆಯೂ ಇಲ್ಲ.