ತೋಪಿನ ಹಿಂದಿನ ಬೇಲಿ

ಬೆಳಗ್ಗೆ ಬಾವಿಯ ಹತ್ತಿರ ಸ್ನಾನ ಮುಗಿಸಿ ಬಂದರೆ ನನ್ನ ಟ್ರಂಕು, ಚಾಪೆ, ಚೊಂಬು ಎಲ್ಲವೂ ಬೀದಿಯ ಜಗಲಿಯ ಮೇಲಿದ್ದವು. ಬಾಡಿಗೆ ಕೋಣೆಗೆ ಬೀಗ ಬಿದ್ದಿತ್ತು. ಇನ್ನು ನಾಲ್ಕೇ ದಿನದಲ್ಲಿ ಹೆಂಡತಿ ಹಸುಗೂಸನ್ನೆತ್ತಿಕೊಂಡು ಕೊಯಮತ್ತೂರಿನಲ್ಲಿ ರೈಲಿಳಿಯುವವಳಿದ್ದಳು. ನಾನು ಮಾಡಿದ ಘನ ಅಪರಾಧವೇನು ಗೊತ್ತೇ? ಗುರುತಿನವರನ್ನು ಕಂಡು ‘ಬನ್ನಿ’ ಎಂದು ಕರೆದದ್ದು! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ದೊಡ್ಡಬಳ್ಳಾಪುರದ ಕಡೆಯ ನೇಕಾರ. ಇಲ್ಲಿಯ ನೇಕಾರರ ಬೀದಿಯವರೂ ನಮ್ಮವರೇ, ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹೆಂಡತಿಯ ಕಾಗದ ಬಂದರೆ ಸುತ್ತ ಕೂತು ಆಸೆಯಿಂದ ಓದಿಸಿ ಕೇಳುತ್ತಾರೆ. ಅವರಲ್ಲಿ ಒಬ್ಬರಿಗೂ ಕನ್ನಡ ಅಕ್ಷರ ಬಾರದು. ಆದರೂ ಒಂಟಿ ಗಂಡಸಿಗೆ ಮನೆ ಕೊಡುವವರಿರಲಿಲ್ಲ. ಎರಡು ತಿಂಗಳು ಅಲೆದ ಮೇಲೆ ರಂಗಣ್ಣ ಚೆಟ್ಟಿಯಾರ್ ತಮ್ಮ ಹಿತ್ತಲ ಕೋಣೆ ಕೊಟ್ಟರು. ಅವರು ಬೀದಿಯ ‘ಪೆರಿಯತನಕಾರ’, ಅಂದರೆ ನ್ಯಾಯ ಹೇಳುವ ಹಿರಿಯರು. ಕಳ್ಳು ಮುಟ್ಟಕೂಡದು ಎಂಬುದೊಂದೇ ಅವರ ಷರತ್ತು. ಖಾದಿಯವರು ಕಳ್ಳಂಗಡಿಗಳ ಮುಂದೆ ನಿಂತು ಕೈಮುಗಿದು ಬೇಡುತ್ತಿದ್ದ ಕಾಲವದು. ಬೀದಿಯ ಗಂಡಸರೆಲ್ಲ ಗುಡಿಯಲ್ಲಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಕುಡಿಯುವುದಿಲ್ಲವೆಂದು ಆಣೆ ಮಾಡಿದ್ದರು. ಎಂಥ ಸಜ್ಜನರಪ್ಪಾ ಎಂದುಕೊಂಡೆ ನಾನು, ಬೆಪ್ಪ.

ಅಮಾವಾಸ್ಯೆಯಂದು ಮಗ್ಗ ಹೂಡುವುದಿಲ್ಲ. ಆವತ್ತು ಪೆರಿಯನಾಯಕನಪಾಳ್ಯದ ದಾರಿಯಲ್ಲಿ ಸುಮ್ಮನೆ ನಡೆದುಹೋದೆ. ಊರು ದಾಟಿದ ಮೇಲೆ ಒಂದು ತೆಂಗಿನ ತೋಪು. ಕಳ್ಳು ಇಳಿಸಿ ಅಲ್ಲೇ ಮಾರುವ ಜಾಗ. ಮರಗಳ ನಡುವೆ ಮಲ್ಲಿಗೆ, ಕನಕಾಂಬರದ ಪಾತಿ, ಹರಿಯುವ ಕಾಲುವೆ ನೀರು. ನಮ್ಮೂರಿನ ಹೆಂಡದಂಗಡಿಯ ನಾತ, ಕೂಗಾಟ ಒಂದೂ ಇಲ್ಲ. ಮರವೇರುವ ಕರುಪ್ಪಣ್ಣ ಒಂದು ಮಡಕೆ ಇಳಿಸಿಕೊಟ್ಟ. ನಾನು ಹಿಂಜರಿದದ್ದು ಕಂಡು, “ಸುಣ್ಣಾಂಬು ಪಾನೈ, ತಂಬಿ. ಕಳ್ಳು ಇಲ್ಲೆ” ಎಂದ. ಒಳಗೆ ಸುಣ್ಣ ಬಳಿದ ಮಡಕೆಯಲ್ಲಿ ರಸ ಹುಳಿಯೇರುವುದಿಲ್ಲ, ಅಮಲೂ ಇರುವುದಿಲ್ಲ. ಅದಕ್ಕೆ ಪದನೀರು ಎನ್ನುತ್ತಾರೆ. ಆಹಾ, ಏನು ಸಿಹಿ! ಅವನ ಹೆಂಡತಿ ಸುಂಡಲ್, ಅಂದರೆ ಒಗ್ಗರಣೆ ಹಾಕಿದ ಕಡಲೆ, ಎಲೆಯಲ್ಲಿ ಕೊಟ್ಟಳು. ಮಧ್ಯಾಹ್ನದವರೆಗೆ ನೆರಳಲ್ಲಿ ಮಲಗಿ ನೀಲಗಿರಿ ಬೆಟ್ಟ ನೋಡುತ್ತಿದ್ದೆ. ಮೂರು ತಿಂಗಳಲ್ಲಿ ಅದೊಂದು ದಿನ ನಾನು ಪರದೇಶಿ ಅನ್ನಿಸಲಿಲ್ಲ.

ಆಗಲೇ ಹಿಂದಿನ ಬೇಲಿಯ ಕಂಡಿಯಿಂದ ಬೀದಿಯ ಐವರು ಬಗ್ಗಿ ನುಸುಳಿದರು. ಮುಂದೆ ನಮ್ಮ ರಂಗಣ್ಣ! ಸುಣ್ಣವಿಲ್ಲದ ಮಡಕೆಗಳತ್ತ ನೆಟ್ಟಗೆ ನಡೆದರು. ನಮ್ಮೂರಲ್ಲಿ ಗುರುತಿನವರನ್ನು ಕಂಡೂ ಮಾತಾಡಿಸದಿದ್ದರೆ ಅವಮಾನ. ನಾನು ಎದ್ದು ನಿಂತು ಗಟ್ಟಿಯಾಗಿ, “ರಂಗಣ್ಣಾ! ಬನ್ನಿ, ಇಲ್ಲಿ ಒಳ್ಳೇ ನೆರಳಿದೆ!” ಎಂದೆ. ರಸ್ತೆಯಲ್ಲಿದ್ದ ಗಾಡಿಯವರೆಲ್ಲ ತಿರುಗಿ ನೋಡಿದರು. ಐವರೂ ಬಂದ ಕಂಡಿಯಲ್ಲೇ ಮಾಯವಾದರು.

ಮರುದಿನವೇ ಈ ಬೀಗ. ರಂಗಣ್ಣ ಜಗಲಿಯ ಮೇಲೆ ಮೆಲ್ಲಗೆ ಹೇಳಿದರು: “ಮಾನ ಕಳ್ದುಬಿಟ್ಟಲ್ಲಪ್ಪ ಮೈಸೂರಪ್ಪ.”

“ನಾನು ಕುಡಿದದ್ದು ಪದನೀರು!”

“ಪದನೀರೋ ಕಳ್ಳೋ, ಯಾರು ಕೇಳಿದ್ರು ಪಾ? ರೋಡಿಗೆ ಕೇಳೋ ಹಂಗೆ ನನ್ನ ಹೆಸ್ರು ಕೂಗ್ದೆಯಲ್ಲ! ಸಾಯಂಕಾಲ ಕೋವಿಲ್ಗೆ ಬಾ. ಕಳ್ಳು ಕುಡ್ದಿದ್ದೆ, ಅಮಲಲ್ಲಿ ಯಾರನ್ನೋ ಕಂಡು ರಂಗಣ್ಣ ಅಂದ್ಕೊಂಡೆ ಅಂತ ಒಪ್ಕೊ. ಬೀಗ ತೆಗೀತೀನಿ.”

ಸಂಜೆ ಬೀದಿಗೆ ಬೀದಿಯೇ ಗುಡಿಯಲ್ಲಿ ಸೇರಿತ್ತು. ಒಂದು ಮಾತು ಸಾಕಿತ್ತು, ಐವರ ಬಣ್ಣ ಬಯಲಾಗುತ್ತಿತ್ತು. ಆದರೆ ಕೂಸನ್ನು ಎಲ್ಲಿ ಮಲಗಿಸಲಿ? ಹಲ್ಲು ಕಚ್ಚಿ, “ಕಳ್ಳು ಕುಡಿದಿದ್ದೆ” ಎಂದೆ. ಕರ್ಪೂರ ಆರಿಸಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ನಿನ್ನೆ ಬೇಲಿ ನುಸುಳಿದ್ದವನೊಬ್ಬ ಭುಜ ತಟ್ಟಿ, “ಇನ್ನಾದ್ರೂ ಒಳ್ಳೇ ಬುದ್ಧಿ ಕಲ್ತುಕೊ” ಎಂದನಲ್ಲ, ಅವನ ನಾಲಿಗೆಗೆ ಬೆಂಕಿ ಹಾಕ! ಹೆಂಡತಿ ಬಂದವಳು ಅಂಗೈ ನೋಡಿ ಕಥೆಯೆಲ್ಲ ಕೇಳಿದಳು. “ನಿಜವಾಗಿಯೂ ಕುಡಿದುಬಿಡಬೇಕಿತ್ತು, ಸುಳ್ಳು ಹೇಳುವುದಾದರೂ ತಪ್ಪುತ್ತಿತ್ತು” ಎಂದಳು.

ಆ ಕೂಸು ಈಗ ಬೀದಿಯಲ್ಲಿ ತಮಿಳಿನಲ್ಲಿ ಜಗಳವಾಡುತ್ತದೆ. ಅಲ್ಲಿಯವನಾಗಿಯೇ ಉಳಿದೆಯಾ, ಇಲ್ಲಿಯವನಾದೆಯಾ ಎಂದು ನೀವು ಕೇಳುತ್ತೀರಿ. ಹೋದ ಅಮಾವಾಸ್ಯೆ ನಮ್ಮೂರ ಕಡೆಯಿಂದ ಹೊಸದಾಗಿ ಬಂದ ನೇಕಾರನೊಬ್ಬ, ಆಗಿನ ನನ್ನ ವಯಸ್ಸಿನವನು, ಪದನೀರು ಕುಡಿಯಬೇಕೆಂದು ಆಸೆಪಟ್ಟ. ಜೊತೆಗೆ ಹೊರಟೆ. ತೋಪು ಕಂಡದ್ದೇ ಅವನು ಮುಂಬಾಗಿಲಿಗೆ ಹೆಜ್ಜೆ ಹಾಕಿದ. ರಟ್ಟೆ ಹಿಡಿದು ಹಿಂದಿನ ಬೇಲಿಗೆ ಎಳೆದೊಯ್ದೆ.

“ಯಾಕಣ್ಣಾ? ಪದನೀರು ತಾನೇ? ಬಾಗಿಲು ತೆರೆದೇ ಇದೆಯಲ್ಲ?”

ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. “ಪದನೀರೋ ಕಳ್ಳೋ, ಯಾರು ಕೇಳಿದ್ರು ಪಾ? ಬಾಯಿ ಮುಚ್ಕೊಂಡು ಬಗ್ಗು” ಎಂದೆ.