ಮೌನವಿಲ್ಲದ ಕ್ಯಾಸೆಟ್ಟು

ಶಕ್ತಿನಗರದ ನೌಕರಿಯ ಸಂದರ್ಶನಕ್ಕೆಂದು ರಾಯಚೂರಿನಿಂದ ಇಂಗ್ಲಿಷ್ ಕಲಿಸುವ ಕ್ಯಾಸೆಟ್ ಕೊಂಡು ತಂದಿದ್ದೆ. ಅದರಲ್ಲಿ ಪ್ರತಿ ವಾಕ್ಯದ ನಂತರ, ಕಲಿಯುವವರು ಪುನರುಚ್ಚರಿಸಲೆಂದು, ತುಸು ಮೌನವನ್ನು ಬಿಡಲಾಗಿತ್ತು.

ಮಾನ್ವಿಯ ನಮ್ಮ ಮನೆಯಲ್ಲಿ ಅದನ್ನು ಕೇಳಿದ ಅಪ್ಪ ಸಿಟ್ಟಾದರು. "ಲೇ ಬಿ.ಎ. ಸಾಹೇಬಾ, ಅರ್ಧಾ ಖಾಲಿನ ಅದಲ್ಲೋ! ಅಂಗಡ್ಯಾಂವ ಟೋಪಿ ಹಾಕ್ಯಾನ!"

"ಯಪ್ಪಾ, ಅದು ನಾ ಮಾತಾಡಾಕ ಬಿಟ್ಟ ಜಾಗ."

"ನೀನ ಮಾತಾಡಂಗಿದ್ರ ಅವಗ್ಯಾಕ ರೊಕ್ಕಾ ಕೊಡಬೇಕು?"

ಮರುದಿನ ಅಪ್ಪನೇ ನನ್ನೊಂದಿಗೆ ರಾಯಚೂರಿನ ಆ ಅಂಗಡಿಗೆ ಬಂದು, ಹಲವು ಕ್ಯಾಸೆಟ್‌ಗಳನ್ನು ಹಾಕಿಸಿ ಕೇಳಿ, ಎಲ್ಲಿಯೂ ಉಸಿರು ಬಿಡದೆ ಮಾತನಾಡುವ ಒಂದನ್ನು ಆರಿಸಿದರು.

ಅದನ್ನು ಭಕ್ತಿಯಿಂದ ಕೇಳಿದೆ. ಸಂದರ್ಶನದಲ್ಲಿ ಅಧಿಕಾರಿಗಳ ಪ್ರತಿಯೊಂದು ಪ್ರಶ್ನೆಯೂ ಸ್ಪಷ್ಟವಾಗಿ ಅರ್ಥವಾಯಿತು. ಉತ್ತರಕ್ಕಾಗಿ ಅವರು ಮಾತು ನಿಲ್ಲಿಸಿದಾಗ ಮಾತ್ರ, ನಾನು ಅವರ ಮುಂದಿನ ವಾಕ್ಯಕ್ಕೆ ವಿನಯದಿಂದ ಕಾಯುತ್ತ ಕುಳಿತೆ.